ಕೋಶ ಹೋದರೆ ದೋಷ ಹೋಯಿತೇ?

ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟದ ರಾಷ್ಟ್ರಕೂಟ ಆಸ್ಥಾನದಲ್ಲಿ, ನೃಪತುಂಗ ಅಮೋಘವರ್ಷನ ಸಮ್ಮುಖದಲ್ಲಿ, ಉಗ್ರಾದಿತ್ಯಾಚಾರ್ಯರು ಮಾಂಸವು ಔಷಧವಾಗಲಾರದೆಂಬುದನ್ನು ವಿದ್ವಾಂಸರ ಹಾಗೂ ವೈದ್ಯರ ಸಭೆಯಲ್ಲಿ ಪ್ರತಿಪಾದಿಸಿದರೆಂದು ಅವರ 'ಕಲ್ಯಾಣಕಾರಕ' ಗ್ರಂಥದ ಕೊನೆಗೆ ಸೇರಿರುವ ಹಿತಾಹಿತಾಧ್ಯಾಯದಿಂದ ತಿಳಿದುಬರುತ್ತದೆ. ಆ ಮಾನ್ಯಖೇಟವೇ ಇಂದಿನ ಮಳಖೇಡ. ಬೀದರಿನಿಂದಾಗಲಿ ಭಾಲ್ಕಿಯಿಂದಾಗಲಿ ಬೆಳಗ್ಗೆ ಹೊರಟವರು ಮಧ್ಯಾಹ್ನದೊಳಗೆ ಅಲ್ಲಿಗೆ ತಲುಪಬಹುದು. ಈ ಗ್ರಂಥವು 1940ರಲ್ಲಿ ಸೋಲಾಪುರದಿಂದ ಅಚ್ಚಾಗಿ ಹೊರಬಂದಿತು. ಅದಾಗಿಯೂ ಈ ಸೀಮೆಯ ಶ್ರಾವಕರ ಮನೆಗಳಲ್ಲಿ ಅದರ ಹೆಸರು ಕೇಳಿದವರು ವಿರಳ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನ ವೈದ್ಯಗ್ರಂಥವನ್ನು ಕನ್ನಡಿಸಿದಾಗಲೂ ಮದ್ಯ, ಮಾಂಸ, ಮಧುಗಳನ್ನು ಚಿಕಿತ್ಸೆಯಿಂದ ಹೊರಗಿಟ್ಟನು. ಕನ್ನಡ ನಾಡಿನ ಜೈನ ವೈದ್ಯಪರಂಪರೆಯು ಹೀಗೆ ಒಂದು ಪ್ರತಿಜ್ಞೆಯನ್ನು ಹೊತ್ತು ಬಂದದ್ದು.

ಆ ಪ್ರತಿಜ್ಞೆಯು ಇಂದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ, ಬಹುಮಟ್ಟಿಗೆ ಯಾರ ಗಮನಕ್ಕೂ ಬಾರದಂತೆ, ಪರೀಕ್ಷೆಗೊಳಗಾಗುತ್ತಿದೆ. ಹಂದಿಯ ಹೃದಯದ ಕವಾಟ, ಹಸುವಿನ ಹೃದಯವನ್ನು ಸುತ್ತಿರುವ ಪೊರೆ, ಹಂದಿಯ ಚರ್ಮ ಮತ್ತು ಪಿತ್ತಕೋಶ ಇವುಗಳಿಂದ ಜೀವಕೋಶಗಳನ್ನು ತೊಳೆದು ತೆಗೆದು, ಉಳಿದ ನಾರುಬಲೆಯನ್ನು ಮನುಷ್ಯ ಶರೀರದೊಳಗೆ ಕೂರಿಸುವ ವಿದ್ಯೆಯು ಎರಡು ಮೂರು ದಶಕಗಳಲ್ಲಿ ಬೆಳೆದು ನಿಂತಿದೆ. ಭಾರತದಲ್ಲಿ ಈ ದಿಕ್ಕಿನ ಹೆಸರಾಂತ ಸಾಧನೆಯು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ವೈದ್ಯವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯದು. ಅಲ್ಲಿನ ಡಾ. ಟಿ. ವಿ. ಅನಿಲ್‌ಕುಮಾರ್ ಅವರ ತಂಡವು ಹಂದಿಯ ಪಿತ್ತಕೋಶವನ್ನು ಕೋಶಮುಕ್ತಗೊಳಿಸಿ ಗಾಯಕ್ಕೆ ಹೊದಿಸುವ ಪೊರೆಯೊಂದನ್ನು ರೂಪಿಸಿತು. 2017ರಲ್ಲಿ ತಂತ್ರಜ್ಞಾನವು ಅಲಿಕಾರ್ನ್ ಮೆಡಿಕಲ್ ಎಂಬ ಕಂಪನಿಗೆ ಹಸ್ತಾಂತರವಾಯಿತು. 2023ರಲ್ಲಿ ಕೋಲಿಡರ್ಮ್ ಎಂಬ ಹೆಸರಿನಲ್ಲಿ ಅದಕ್ಕೆ ಔಷಧ ನಿಯಂತ್ರಕರ ಒಪ್ಪಿಗೆ ದೊರೆಯಿತು. ಸುಟ್ಟಗಾಯಗಳೂ ಮಧುಮೇಹಿಗಳ ಮಾಯದ ಹುಣ್ಣುಗಳೂ ಬೇಗನೆ, ಕಲೆ ಕಡಿಮೆಯಾಗಿ ಮಾಯುವುವೆಂಬುದು ಅದರ ಹೆಗ್ಗಳಿಕೆ. ಇಲಿ, ಮೊಲ ಮತ್ತು ನಾಯಿಗಳ ಮೇಲೆ ನಡೆದ ಪ್ರಯೋಗಗಳು ಆ ಹೆಗ್ಗಳಿಕೆಗೆ ಆಧಾರ.

ಈ ಸುದ್ದಿಯು ಬಸದಿಯ ಅಂಗಳಕ್ಕೆ ಬಂದಾಗ ಹುಟ್ಟುವ ಮೊದಲ ಸಮಾಧಾನವು ಸರಳವಾದುದು: ಕೋಶಗಳನ್ನೆಲ್ಲ ತೆಗೆದ ಮೇಲೆ ಅದರಲ್ಲಿ ಜೀವವೆಲ್ಲಿ? ಜೀವವಿಲ್ಲವೆಂದ ಮೇಲೆ ದೋಷವೆಲ್ಲಿ? ಕೇಳಲು ಹಿತವಾಗಿರುವ ಈ ಮಾತು ಒಂದು ಶಬ್ದದ ಮೋಸದ ಮೇಲೆ ನಿಂತಿದೆ. ಶಾಲೆಯ ಪಠ್ಯಗಳು ದೇಹದ ಅತಿಸೂಕ್ಷ್ಮ ಘಟಕಕ್ಕೆ 'ಜೀವಕೋಶ'ವೆಂಬ ಹೆಸರನ್ನು ಕೊಟ್ಟು ಅದೆಷ್ಟೋ ದಶಕಗಳಾದವು. ಆ ಸಮಾಸದ 'ಜೀವ'ಕ್ಕೂ ಆಗಮಗಳು ಹೇಳುವ ಜೀವದ್ರವ್ಯಕ್ಕೂ ಸಂಬಂಧವಿಲ್ಲ. ಹಂದಿಯ ಶರೀರವನ್ನು ಆಶ್ರಯಿಸಿದ್ದ ಪಂಚೇಂದ್ರಿಯ ಜೀವವು ಕಸಾಯಿಖಾನೆಯಲ್ಲಿ ಕತ್ತಿ ಆಡಿದ ಕ್ಷಣದಲ್ಲಿಯೇ ಹೊರಟುಹೋಗಿದೆ. ಆನಂತರ ಪ್ರಯೋಗಶಾಲೆಯ ತೊಟ್ಟಿಯಲ್ಲಿ ತೊಳೆಯಲ್ಪಡುವುದು ಪುದ್ಗಲ ಮಾತ್ರ. ಕೋಶ ಉಳಿದರೂ ಆ ಜೀವವು ಮರಳದು, ಕೋಶ ಹೋದರೂ ಅದಕ್ಕಾದ ಘಾತವು ಅಳಿಯದು. ಹಾಗಾಗಿ ಶ್ರಾವಕನ ಮುಖ್ಯ ಪ್ರಶ್ನೆಗೆ ಈ ತೊಳೆಯುವಿಕೆಯು ಉತ್ತರವನ್ನೇ ಕೊಡುವುದಿಲ್ಲ. ಅದು ಉತ್ತರಿಸುವುದು ವೈದ್ಯನ ಪ್ರಶ್ನೆಯನ್ನು.

ವೈದ್ಯನ ಪ್ರಶ್ನೆಯೇನೆಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಪರಶರೀರದ ಅಂಗಾಂಶವನ್ನು ಮನುಷ್ಯ ದೇಹವು ಶತ್ರುವೆಂದು ಗುರುತಿಸುವುದು ಅದರ ಕೋಶಗಳ ಮೇಲ್ಮೈಯಲ್ಲಿರುವ ಗುರುತುಗಳಿಂದ. ಹಂದಿ, ಹಸು ಮೊದಲಾದವುಗಳಲ್ಲಿರುವ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯ ಕಣವು ಮನುಷ್ಯನಲ್ಲಿ ಇಲ್ಲ. ಅದನ್ನು ಕಂಡೊಡನೆ ರಕ್ತದಲ್ಲಿರುವ ಪ್ರತಿಕಾಯಗಳು ಎರಗುತ್ತವೆ. 1965ರಲ್ಲಿ ಪ್ಯಾರಿಸ್ಸಿನಲ್ಲಿ ಹಂದಿಯ ಕವಾಟವನ್ನು ಮೊದಲ ಬಾರಿಗೆ ಮನುಷ್ಯನಿಗೆ ಅಳವಡಿಸಿದಾಗ ಅದು ಬಹುಕಾಲ ಬಾಳಲಿಲ್ಲ. ಅದೇ ದಶಕದ ಕೊನೆಗೆ ಫ್ರಾನ್ಸಿನ ಅಲೆನ್ ಕಾರ್ಪೆಂಟಿಯರ್ ಅವರು ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಅದ್ದಿ ಹದಮಾಡುವ ಕ್ರಮವನ್ನು ತಂದರು. ತೊಗಲು ಹದಮಾಡುವ ವಿದ್ಯೆಯ ದೂರದ ಬಂಧುವದು. ಹದವಾದ ಕವಾಟವು ಹತ್ತು ಹದಿನೈದು ವರ್ಷ ದುಡಿಯುತ್ತದೆ, ಬಳಿಕ ಸುಣ್ಣ ಕಟ್ಟಿ ಗಟ್ಟಿಯಾಗುತ್ತದೆ. ರೋಗಿಯ ವಯಸ್ಸು ಚಿಕ್ಕದಾದಷ್ಟೂ ಬೇಗನೆ ಕೆಡುತ್ತದೆ. ಸುಣ್ಣ ಕಟ್ಟುವುದಕ್ಕೆ ಸತ್ತ ಕೋಶಗಳ ಅವಶೇಷವೂ ಒಂದು ಕಾರಣವೆಂದು ಕಂಡುಬಂದುದರಿಂದ ಕೋಶಗಳನ್ನೇ ತೆಗೆದುಬಿಡುವ ಯೋಚನೆ ಹುಟ್ಟಿತು. ಮಾರ್ಜಕ ದ್ರಾವಣಗಳಿಂದ ಕೋಶದ ಪೊರೆಯನ್ನು ಒಡೆಯುವುದು, ಕಿಣ್ವಗಳಿಂದ ಡಿ.ಎನ್.ಎ.ಯನ್ನು ಚೂರು ಮಾಡುವುದು, ಹೆಪ್ಪುಗಟ್ಟಿಸಿ ಕರಗಿಸುವುದು, ದಿನಗಟ್ಟಲೆ ತೊಳೆಯುವುದು ಇದರ ಮಾರ್ಗಗಳು. ಬಳಸುವ ಮಾರ್ಜಕಗಳಲ್ಲೊಂದು ಹಲ್ಲುಜ್ಜುವ ಪೇಸ್ಟಿನಲ್ಲಿ ನೊರೆ ಬರಿಸುವ ವಸ್ತುವೇ. ಒಂದು ಮಿಲಿಗ್ರಾಂ ಒಣ ಅಂಗಾಂಶದಲ್ಲಿ 50 ನ್ಯಾನೋಗ್ರಾಂಗಿಂತ ಕಡಿಮೆ ಡಿ.ಎನ್.ಎ. ಉಳಿದಿರಬೇಕೆಂಬ ಮಾನದಂಡವೊಂದು 2011ರಿಂದ ವ್ಯಾಪಕವಾಗಿ ಬಳಕೆಯಲ್ಲಿದೆ. ಉಳಿಯುವುದು ಕೊಲಾಜೆನ್, ಎಲಾಸ್ಟಿನ್ ಮುಂತಾದ ನಾರುಗಳ ಬಲೆ. ರೋಗಿಯ ಸ್ವಂತ ಕೋಶಗಳು ಆ ಬಲೆಯೊಳಗೆ ಬಂದು ನೆಲೆಸಿ, ತಿಂಗಳುಗಳು ಕಳೆದಂತೆ ಹಳೆಯ ನಾರನ್ನು ಕರಗಿಸಿ ಹೊಸ ನಾರನ್ನು ನೇಯಬಹುದು.

ತೊಳೆಯುವಿಕೆ ಅಪೂರ್ಣವಾದರೆ ಏನಾಗುವುದೆಂಬುದಕ್ಕೆ ಆಸ್ಟ್ರಿಯಾದ ದುರಂತ ಸಾಕ್ಷಿ. 2001ರಲ್ಲಿ ಅಲ್ಲಿ ನಾಲ್ವರು ಮಕ್ಕಳಿಗೆ ಕೋಶಮುಕ್ತವೆಂದು ಭಾವಿಸಲಾಗಿದ್ದ ಹಂದಿಯ ಕವಾಟಗಳನ್ನು ಅಳವಡಿಸಲಾಯಿತು. ಒಂದು ವರ್ಷದೊಳಗಾಗಿ ಮೂವರು ತೀರಿಕೊಂಡರು. ನಾಲ್ಕನೆಯ ಮಗುವಿನ ಕವಾಟವನ್ನು ಮುನ್ನೆಚ್ಚರಿಕೆಯಿಂದ ತೆಗೆಯಲಾಯಿತು. ಪರೀಕ್ಷಿಸಿದಾಗ ಕೋಶಗಳು ಪೂರ್ತಿಯಾಗಿ ಹೋಗಿರಲಿಲ್ಲವೆಂದು ತಿಳಿಯಿತು. 'ಶುದ್ಧ'ವೆಂಬ ಮಾತನ್ನು ಧರ್ಮದವರಂತೆಯೇ ವಿಜ್ಞಾನದವರೂ ಕೆಲವೊಮ್ಮೆ ಅವಸರದಲ್ಲಿ ಆಡುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ, ಮೃತ ದಾನಿಗಳಿಂದ ಪಡೆದ ಮಾನವ ಕವಾಟಗಳನ್ನು ಕೋಶಮುಕ್ತಗೊಳಿಸಿ 2002ರಿಂದ ಜರ್ಮನಿಯ ಹ್ಯಾನೋವರ್ ಮತ್ತು ಮಾಲ್ಡೋವಾ ದೇಶದ ವೈದ್ಯರು ಮಕ್ಕಳಿಗೆ ಅಳವಡಿಸಿದ್ದು ಸತ್ಫಲವನ್ನಿತ್ತಿತು. ಈ ಎರಡು ಪ್ರಸಂಗಗಳ ನಡುವಿನ ಭೇದವನ್ನು ಜೈನ ವಾಚಕರು ನೆನಪಿನಲ್ಲಿಡುವುದು ಒಳಿತು.

ಈಗ ಶಾಸ್ತ್ರದ ಕಡೆಗೆ ಬಂದರೆ, ಕೋಶ ತೆಗೆಯುವುದರಿಂದ ಏನೇನೂ ವ್ಯತ್ಯಾಸವಾಗದೆಂದು ಹೇಳುವುದೂ ತಪ್ಪಾದೀತು. ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಮಾಂಸತ್ಯಾಗಕ್ಕೆ ಎರಡು ಬೇರೆ ಬೇರೆ ಕಾರಣಗಳನ್ನು ಕೊಡುತ್ತಾರೆ. ಒಂದು, ಪ್ರಾಣಿಘಾತವಿಲ್ಲದೆ ಮಾಂಸವು ಹುಟ್ಟದು. ಇನ್ನೊಂದು, ತಾನಾಗಿ ಸತ್ತ ಎತ್ತು ಎಮ್ಮೆಗಳ ಮಾಂಸದಲ್ಲಿಯೂ, ಅದು ಹಸಿಯಿರಲಿ ಬೆಂದಿರಲಿ, ನಿಗೋದ ಜೀವಗಳು ಎಡೆಬಿಡದೆ ಹುಟ್ಟುತ್ತಿರುವುದರಿಂದ ಅವುಗಳ ಹಿಂಸೆ ತಪ್ಪದು. ಸಾಮಾನ್ಯವಾಗಿ ಪ್ರವಚನಗಳಲ್ಲಿ ಈ ಎರಡೂ ಒಂದರೊಳಗೊಂದು ಬೆರೆತುಹೋಗುತ್ತವೆ. ಬಿಡಿಸಿ ನೋಡಿದಾಗ, ಕೊಳೆಯುವ ಸ್ವಭಾವವನ್ನೇ ಕಳೆದುಕೊಂಡು, ಕ್ರಿಮಿಶುದ್ಧವಾಗಿ ಮೊಹರು ಮಾಡಲ್ಪಟ್ಟ ನಾರುಬಲೆಗೆ ಎರಡನೆಯ ಕಾರಣವು ಎಷ್ಟರ ಮಟ್ಟಿಗೆ ಅನ್ವಯಿಸುವುದೆಂದು ಗಂಭೀರವಾಗಿ ಕೇಳಲು ಅವಕಾಶವಿದೆ. ತ್ಯಾಗಿಗಳೂ ಪಂಡಿತರೂ ಕುಳಿತು ವಿಚಾರಿಸಬೇಕಾದ ವಿಷಯವದು. ಆದರೆ ಮೊದಲನೆಯ ಕಾರಣವಾದ ಘಾತವು ಮಾರ್ಜಕದಲ್ಲಿ ಕರಗುವಂಥದಲ್ಲ.

ಇಲ್ಲಿ ಎರಡನೆಯ ಸಮಾಧಾನವು ತಲೆ ಎತ್ತುತ್ತದೆ. ಪ್ರಾಣಿಯನ್ನು ಕೊಂದದ್ದು ಮಾಂಸಕ್ಕಾಗಿ, ಪಿತ್ತಕೋಶವು ಎಸೆಯುವ ವಸ್ತು, ಎಸೆಯುವುದನ್ನು ಎತ್ತಿಕೊಂಡರೆ ಕೊಂದಂತಾಗದು ಎಂಬ ವಾದ. ತಯಾರಕರು 'ಉಪೋತ್ಪನ್ನ'ವೆಂಬ ಶಬ್ದವನ್ನು ಬಳಸುವುದು ಇದೇ ಧ್ವನಿಯಲ್ಲಿ. ವಾದದಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಚಿಕಿತ್ಸೆ ಬೇಡುವ ರೋಗಿಯು ಆ ಪ್ರಾಣಿಯ ವಧೆಯನ್ನು ಸಂಕಲ್ಪಿಸಿರುವುದಿಲ್ಲ, ಮಾಡಿಸಿರುವುದೂ ಇಲ್ಲ. ಹಿಂಸೆಗೆ ಪ್ರಮತ್ತಯೋಗವೇ ಮೂಲವೆಂದು ಬೋಧಿಸುವ ಮತದಲ್ಲಿ ಈ ಭೇದಕ್ಕೆ ಬೆಲೆಯುಂಟು. ಆದರೆ ಕೃತ, ಕಾರಿತಗಳ ಜೊತೆಗೆ ಅನುಮೋದನೆಯನ್ನೂ ಎಣಿಸುವ ಮತವೂ ಇದುವೇ. ಎಸೆದ ವಸ್ತುವಿಗೆ ಬೆಲೆ ಬಂದ ದಿನ ಅದು ಎಸೆದ ವಸ್ತುವಾಗಿ ಉಳಿಯುವುದಿಲ್ಲ. ಹೆಪಾರಿನ್ ಔಷಧದ ಕಥೆಯನ್ನೇ ನೋಡಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಈ ಚುಚ್ಚುಮದ್ದು ಇಂದಿಗೂ ಬಹುಪಾಲು ಹಂದಿಯ ಕರುಳಿನ ಒಳಪದರದಿಂದಲೇ ಬರುತ್ತದೆ. ಒಮ್ಮೆ ಕಸವಾಗಿದ್ದ ಕರುಳಿನ ಲೋಳೆಯು ಖಂಡಾಂತರ ವ್ಯಾಪಾರದ ಸರಕಾಯಿತು. 2008ರಲ್ಲಿ ಚೀನಾದಿಂದ ಬಂದ ಕಚ್ಚಾಸಾಮಗ್ರಿಯಲ್ಲಿ ಕಲಬೆರಕೆಯಾಗಿ ಅಮೆರಿಕದಲ್ಲಿ ಸಾವುಗಳು ಸಂಭವಿಸಿದುವು. ಅಂಥ ವ್ಯಾಪಾರದ ಕೊಳ್ಳುಗನು ತಾನು ಕಸ ಹೆಕ್ಕುವವನೆಂದು ಹೇಳಿಕೊಳ್ಳುವುದು ಹೇಗೆ?

ಹೆಪಾರಿನ್ನಿನ ಮಾತು ಬಂದುದರಿಂದ ಇನ್ನೊಂದು ಅಪ್ರಿಯ ಸಂಗತಿಯನ್ನೂ ಹೇಳಬೇಕು. ಹೃದಯವನ್ನು ತೆರೆದು ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ, ರಕ್ತವನ್ನು ಯಂತ್ರದ ಮೂಲಕ ಹಾಯಿಸುವಾಗ, ಹೆಪಾರಿನ್ ಬಳಕೆಯಾಗುತ್ತದೆ. ಹೊಲಿಗೆಯ ಕ್ಯಾಟ್‌ಗಟ್ ದಾರವು ಕುರಿ, ದನಗಳ ಕರುಳಿನದು. ಕ್ಯಾಪ್ಸೂಲಿನ ಜೆಲಾಟಿನ್ ಮೂಳೆ, ತೊಗಲುಗಳದು. ಮಾನವ ಇನ್ಸುಲಿನ್ 1982ರಲ್ಲಿ ಮಾರುಕಟ್ಟೆಗೆ ಬರುವವರೆಗೆ ಮಧುಮೇಹಿ ಶ್ರಾವಕರೂ ಹಂದಿ, ದನಗಳ ಇನ್ಸುಲಿನ್ನನ್ನೇ ಚುಚ್ಚಿಸಿಕೊಂಡರು. ಗಡ್ಡೆಗೆಣಸು ಮುಟ್ಟದ ಮನೆಗಳಲ್ಲಿಯೂ ಇವೆಲ್ಲ ನಡೆದುಬಂದುವು, ಏಕೆಂದರೆ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಹೀಗಿರುವಾಗ ಕೋಶಮುಕ್ತ ಅಂಗಾಂಶವೊಂದನ್ನೇ ಎತ್ತಿಕೊಂಡು ನಿಷೇಧದ ಫಲಕ ತೂಗುಹಾಕುವವರ ಆವೇಶಕ್ಕೆ ಬುಡ ಭದ್ರವಿಲ್ಲ.

ಆ ನಿಷೇಧವಾದಿಗಳಲ್ಲಿ ಕೆಲವರು, ಇಂಥ ವಸ್ತುವನ್ನು ದೇಹದೊಳಗೆ ಇಟ್ಟುಕೊಂಡು ಬದುಕುವುದಕ್ಕಿಂತ ಸಲ್ಲೇಖನವೇ ಲೇಸೆಂದು ಹೇಳುವುದುಂಟು. ಸಮಂತಭದ್ರಾಚಾರ್ಯರು ಸಲ್ಲೇಖನವನ್ನು ವಿಧಿಸಿದ್ದು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಜರೆ, ರುಜೆಗಳ ಸಂದರ್ಭಕ್ಕೆ. ಪ್ರತೀಕಾರವುಳ್ಳ ರೋಗಕ್ಕೆ ಆ ಪವಿತ್ರ ವ್ರತದ ಹೆಸರನ್ನು ಎಳೆದು ತರುವುದು ವ್ರತಕ್ಕೂ ಅಪಚಾರ, ರೋಗಿಗೂ ಅನ್ಯಾಯ.

ಉಗ್ರಾದಿತ್ಯರ ಮಹತ್ವ ತಿಳಿಯುವುದು ಇಲ್ಲಿಯೇ. ಅವರು ಮಾಂಸವು ಪಾಪವೆಂದಷ್ಟೇ ಹೇಳಿ ಸಭೆಯಿಂದ ಎದ್ದು ಬರಲಿಲ್ಲ. ವೈದ್ಯರ ಎದುರಿನಲ್ಲಿ, ವೈದ್ಯಶಾಸ್ತ್ರದ ನೆಲೆಯಲ್ಲಿಯೇ ನಿಂತು, ಅದು ಔಷಧವಾಗಿ ನಿರರ್ಥಕವೆಂದು ಸಾಧಿಸಲು ತೊಡಗಿದರು, ಬದಲಿಗೆ ಬಳಸಬಹುದಾದ ಚಿಕಿತ್ಸೆಗಳ ಒಂದು ಇಡೀ ಗ್ರಂಥವನ್ನೇ ಕಟ್ಟಿಕೊಟ್ಟರು. ಅವರ ವಾದದ ಎಲ್ಲ ಎಳೆಗಳೂ ಇಂದಿನ ಪರೀಕ್ಷೆಯಲ್ಲಿ ನಿಲ್ಲುವುವೆಂದು ಹೇಳಲಾಗದು. ಹಂದಿಯ ಕವಾಟವು ಕೆಲಸ ಮಾಡುತ್ತದೆಂಬುದು ನಿರ್ವಿವಾದ, ಅದನ್ನು ನಿರರ್ಥಕವೆನ್ನುವಂತಿಲ್ಲ. ಆದರೆ ಬದಲಿ ಮಾರ್ಗವನ್ನು ತೋರಿಸದೆ ನಿಷೇಧಿಸಬಾರದೆಂಬ ಅವರ ನಡೆ ಇಂದಿಗೂ ಅನುಕರಣೀಯ. ಈಗಿನ ನಿಷೇಧವಾದಿಗಳ ಬಳಿ ಆ ಎರಡನೆಯ ಭಾಗವೇ ಇಲ್ಲ.

ಬದಲಿ ಮಾರ್ಗಗಳು ಇಲ್ಲವೆಂದಲ್ಲ. ಕೋಲಿಡರ್ಮ್ ಹುಟ್ಟಿದ ತಿರುವನಂತಪುರದ ಅದೇ ಸಂಸ್ಥೆಯಲ್ಲಿ, ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ, ಲೋಹದ ಚೌಕಟ್ಟು, ಪಾಲಿಥಿನ್ ಬಿಲ್ಲೆ ಮತ್ತು ಪಾಲಿಯೆಸ್ಟರ್ ಬಟ್ಟೆಯ ಉಂಗುರಗಳಿಂದ ಚಿತ್ರಾ ಕವಾಟವು ಸಿದ್ಧವಾಯಿತು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಅಂದಿನಿಂದ ಒಂದು ಲಕ್ಷಕ್ಕೂ ಹೆಚ್ಚು ಕವಾಟಗಳು ಬಳಕೆಯಾಗಿವೆ. ಪ್ರಾಣಿಯ ಒಂದು ಎಳೆಯೂ ಅದರಲ್ಲಿಲ್ಲ. (ಕುರಿಗಳ ಮೇಲೆ ಪರೀಕ್ಷಿಸಿಯೇ ಅದನ್ನು ಮನುಷ್ಯನಿಗೆ ತಂದರೆಂಬುದನ್ನೂ ಮುಚ್ಚಿಡಬಾರದು.) ಹಾಗಾದರೆ ಜೈನ ರೋಗಿಗೆ ಲೋಹದ ಕವಾಟವನ್ನೇ ಸೂಚಿಸಿ ಮುಗಿಸಬಹುದಲ್ಲವೇ?

ಔರಾದ್ ತಾಲೂಕಿನ ಹಳ್ಳಿಯೊಂದರ 26 ವರ್ಷದ ಸೊಸೆಯೊಬ್ಬಳನ್ನು ಕಲ್ಪಿಸಿಕೊಂಡರೆ ಉತ್ತರವು ಅಷ್ಟು ಸುಲಭವಲ್ಲವೆಂದು ಕಾಣುವುದು. ಬಾಲ್ಯದ ಗಂಟಲುನೋವಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರದಿಂದ ಅವಳ ಕವಾಟ ಕೆಟ್ಟಿದೆ. ಲೋಹದ ಕವಾಟವಾದರೆ ಆಯುಷ್ಯವಿಡೀ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು, ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಬೇಕು. ಪ್ರತಿ ಬಾರಿಯೂ ಬೀದರಿಗೆ ಬಸ್ಸು ಹತ್ತಿ ಬರುವುದೆಂದರೆ ಒಂದು ದಿನದ ಕೂಲಿಯೂ ಹೋಯಿತು, ಟಿಕೇಟಿನ ಹಣವೂ ಹೋಯಿತು. ವಾರ್ಫರಿನ್ ಮಾತ್ರೆಯು ಗರ್ಭಸ್ಥ ಶಿಶುವಿಗೆ ಹಾನಿ ಮಾಡಬಲ್ಲದು. ಮಾತ್ರೆ ಬಿಟ್ಟರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ತಾಯಿಯ ಪ್ರಾಣಕ್ಕೇ ಸಂಚಕಾರ. ಜೈನ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ ಮಾತೊಂದಿದೆ: ಹಸಿರು ಸೊಪ್ಪಿನಲ್ಲಿರುವ ಕೆ ಜೀವಸತ್ವವು ಈ ಮಾತ್ರೆಯ ಪ್ರಭಾವವನ್ನು ತಗ್ಗಿಸುತ್ತದೆ. ಚಾತುರ್ಮಾಸದಲ್ಲಿ ಸೊಪ್ಪನ್ನು ತ್ಯಜಿಸಿ, ದಶಲಕ್ಷಣ ಪರ್ವದಲ್ಲಿ ಉಪವಾಸ ಏಕಾಶನಗಳನ್ನು ಕೈಗೊಂಡವಳ ರಕ್ತವು ಅದೇ ಪ್ರಮಾಣದ ಮಾತ್ರೆಯಿಂದ ಅತಿಯಾಗಿ ತೆಳುವಾಗಬಹುದು, ರಕ್ತಸ್ರಾವವಾಗಬಹುದು. ವ್ರತ ಹಿಡಿಯುವ ಮುನ್ನ ವೈದ್ಯರಿಗೆ ತಿಳಿಸಬೇಕೆಂದು ಎಷ್ಟು ಮನೆಗಳಲ್ಲಿ ಗೊತ್ತಿದೆ? ಪ್ರಾಣಿಯ ಅಂಗಾಂಶದ ಕವಾಟದಲ್ಲಿ ಈ ತೊಡಕುಗಳು ಬಹಳ ಕಡಿಮೆ. ಆದರೆ ಅವಳ ವಯಸ್ಸಿಗೆ ಅದು ಬೇಗ ಸವೆದು ಇನ್ನೊಮ್ಮೆ ಎದೆ ತೆರೆಯಬೇಕಾದೀತು. ಕೋಶಮುಕ್ತ ವಿದ್ಯೆಯು ಭರವಸೆ ಕೊಡುವುದು ಸರಿಯಾಗಿ ಈ ಸವೆತದ ವಿಷಯದಲ್ಲಿ. ಆ ಭರವಸೆ ಫಲಿಸಿದಷ್ಟೂ ಅವಳ ಮನೆಯವರ ಇಕ್ಕಟ್ಟು ಹೆಚ್ಚುವುದೇ ಹೊರತು ಕಡಿಮೆಯಾಗದು.

ಈ ಎರಡರ ನಡುವೆ ಇರುವ ದಾರಿಗಳನ್ನು ಯಾರೂ ಅವಳಿಗೆ ಹೇಳದೆ ಹೋಗುವುದೇ ನಿಜವಾದ ಅನ್ಯಾಯ. ಕವಾಟವು ಕಿರಿದಾಗಿದ್ದು ಇನ್ನೂ ಮೃದುವಾಗಿದ್ದರೆ ಕಾಲಿನ ರಕ್ತನಾಳದಿಂದ ಬಲೂನು ಹಾಯಿಸಿ ಅಗಲಿಸಬಹುದು. ಆಗ ಲೋಹವೂ ಬೇಡ, ಪ್ರಾಣಿಯೂ ಬೇಡ. ಸೋರುವ ಕವಾಟವನ್ನು ಹಲವು ಸಲ ಬದಲಿಸದೆಯೇ ದುರಸ್ತಿ ಮಾಡಲಾಗುತ್ತದೆ. ಮಹಾಧಮನಿಯ ಕವಾಟವನ್ನು ರೋಗಿಯ ಸ್ವಂತ ಹೃದಯಪೊರೆಯಿಂದಲೇ ಕತ್ತರಿಸಿ ಹೊಲಿಯುವ ಕ್ರಮವನ್ನು ಜಪಾನಿನ ಒಝಾಕಿಯವರು 2007ರಿಂದ ಬಳಕೆಗೆ ತಂದಿದ್ದಾರೆ. ಎಲ್ಲ ರೋಗಿಗೂ ಎಲ್ಲವೂ ಹೊಂದದು, ಎಲ್ಲ ಆಸ್ಪತ್ರೆಯಲ್ಲಿಯೂ ಎಲ್ಲವೂ ನಡೆಯದು. ಅದಾಗಿಯೂ ಕಲಬುರಗಿಗೋ ಹೈದರಾಬಾದಿಗೋ ಸೋಲಾಪುರಕ್ಕೋ ಹೊರಡುವ ಮುನ್ನ ಈ ಹೆಸರುಗಳು ಮನೆಯವರ ಬಾಯಲ್ಲಿದ್ದರೆ ವೈದ್ಯರೊಡನೆ ಮಾತಿನ ರೀತಿಯೇ ಬೇರೆಯಾದೀತು. 2017ರ ವೈದ್ಯಕೀಯ ಸಾಧನಗಳ ನಿಯಮಗಳು ದೇಹದೊಳಗೆ ಸೇರುವ ಪ್ರಾಣಿಜನ್ಯ ಸಾಧನಗಳನ್ನು ಅತ್ಯಧಿಕ ಅಪಾಯದ 'ಡಿ' ವರ್ಗದಲ್ಲಿ ಇರಿಸಿವೆ. ಅಂದಮೇಲೆ ವಸ್ತುವಿನ ಮೂಲವು ತಯಾರಕರಿಗೆ ಗೊತ್ತು, ಅಧಿಕಾರಿಗಳಿಗೆ ಗೊತ್ತು. ತಿಳಿಯದೆ ಉಳಿಯುವವನು ಸಮ್ಮತಿಪತ್ರಕ್ಕೆ ಸಹಿ ಹಾಕುವವನು ಮಾತ್ರ. ಹರ್ನಿಯಾದ ಜಾಳಿಗೆಯಿರಲಿ, ದಂತವೈದ್ಯರು ದವಡೆಗೆ ತುಂಬುವ ಮೂಳೆಪುಡಿಯಿರಲಿ, ಅದು ಯಾವುದರಿಂದಾದುದು ಎಂದು ಕೇಳುವುದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ.

ಬೀದರಿಗೆ ಈ ವಿಷಯದಲ್ಲಿ ಇನ್ನೊಂದು ಮುಖವೂ ಇದೆ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವು 2004ರಿಂದ ಇಲ್ಲಿಯ ನಂದಿನಗರದಲ್ಲಿದೆ. ಭಾಲ್ಕಿ, ಔರಾದ್‌ಗಳ ಕೊಟ್ಟಿಗೆಗಳಲ್ಲಿ ದೇವಣಿ ತಳಿಯ ದನಗಳಿವೆ. ಉತ್ತರ ಪ್ರದೇಶದ ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ಎಮ್ಮೆಯ ಅಂಗಾಂಶವನ್ನು ಕೋಶಮುಕ್ತಗೊಳಿಸಿ ದನಕರುಗಳ ಹರ್ನಿಯಾ ದುರಸ್ತಿಗೆ ಬಳಸಿದ್ದಾರೆ. ಗೋಶಾಲೆ ನಡೆಸುವ ಜೀವದಯಾ ಮಂಡಳಿಯೊಂದರ ಕರುವಿಗೆ ಹೊಕ್ಕಳ ಹರ್ನಿಯಾ ಆದರೆ, ಒಂದು ಮೂಕಜೀವವನ್ನು ಉಳಿಸಲು ಇನ್ನೊಂದರ ಶರೀರಭಾಗವನ್ನು ಬಳಸುವ ಪ್ರಶ್ನೆ ಎದುರಾಗುವುದು. ಆ ಕರುವಿಗೆ ವ್ರತವೂ ಇಲ್ಲ, ಸಮ್ಮತಿಯೂ ಇಲ್ಲ. ಅಲ್ಲಿ ನೈಲಾನಿನಂಥ ಕೃತಕ ಜಾಳಿಗೆ ಸಾಲುವಾಗ ಅದನ್ನೇ ಕೇಳಿ ಹಾಕಿಸುವುದು ಮಂಡಳಿಯ ಕೈಯಲ್ಲಿರುವ ಮಾತು.

ಇನ್ನು ದೇವಸ್ಥಾನದ ಟ್ರಸ್ಟುಗಳ ವಿಚಾರ. ವೈದ್ಯಕೀಯ ಸಹಾಯಧನಕ್ಕೆ ಅರ್ಜಿ ಬಂದಾಗ ಪ್ರಾಣಿಜನ್ಯ ಸಾಧನವಿದ್ದರೆ ಹಣ ಕೊಡಬಾರದೆಂದು ಠರಾವು ಮಾಡುವುದು ಸುಲಭ. ಅದರ ಭಾರವು ಬೀಳುವುದು ಸ್ವಂತ ಹಣವಿಲ್ಲದವನ ಮೇಲೆ ಮಾತ್ರ. ಉಳ್ಳವನು ಯಾರನ್ನೂ ಕೇಳದೆ ಹೈದರಾಬಾದಿನಲ್ಲಿ ಕವಾಟ ಹಾಕಿಸಿಕೊಂಡು ಬಂದು ಮುಂದಿನ ಅಭಿಷೇಕಕ್ಕೆ ಬೋಲಿ ಕೂಗುತ್ತಾನೆ. ಬಡವನಿಗೊಂದು ವ್ರತ, ಧನಿಕನಿಗೊಂದು ವ್ರತವೆಂದಾಗುವ ಠರಾವನ್ನು ಧರ್ಮದ ಹೆಸರಿನಲ್ಲಿ ಬರೆಯಲಾಗದು. ಅದೇ ಟ್ರಸ್ಟುಗಳು ಐ.ಎನ್.ಆರ್. ಪರೀಕ್ಷೆಯ ಖರ್ಚನ್ನೂ ಬೀದರಿಗೆ ಬಂದುಹೋಗುವ ಖರ್ಚನ್ನೂ ವಹಿಸಿಕೊಂಡರೆ, ಲೋಹದ ಕವಾಟವನ್ನು ಆರಿಸಿಕೊಳ್ಳುವ ಧೈರ್ಯ ಎಷ್ಟೋ ಮನೆಗಳಿಗೆ ಬಂದೀತು. ಆಗ ಅಹಿಂಸೆಗೆ ಹಣದ ಬೆಂಬಲವೂ ದೊರೆತಂತಾಗುವುದು.

ಗಾಯ ಮತ್ತು ಸುಟ್ಟಗಾಯಗಳ ವಿಷಯದಲ್ಲಂತೂ ಇಕ್ಕಟ್ಟು ಇಷ್ಟು ತೀವ್ರವಲ್ಲ. ರೋಗಿಯ ಸ್ವಂತ ಚರ್ಮವನ್ನು ತೆಳುವಾಗಿ ತೆಗೆದು ಕಸಿ ಮಾಡುವುದೇ ಇಂದಿಗೂ ಮುಖ್ಯ ಚಿಕಿತ್ಸೆ. ಮುಂಬೈಯ ವೈದ್ಯರು 1980ರ ದಶಕದಲ್ಲಿ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಸುಟ್ಟಗಾಯಕ್ಕೆ ಹೊದಿಸಿ ಸಫಲರಾದರು. ಅನಂತಕಾಯವಾದ ಕಂದಮೂಲವದು ಎಂದು ಹುಬ್ಬೇರಿಸುವ ಶ್ರಾವಕರಿಗೆ ಬಾಳೆಯೆಲೆಯ ಪಟ್ಟಿಯೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಂದು ಹೇಳಬಹುದು. 2017ರಲ್ಲಿ ಅಮೆರಿಕದ ವೂಸ್ಟರಿನಲ್ಲಿ ಪಾಲಕ್ ಎಲೆಯನ್ನೇ ಕೋಶಮುಕ್ತಗೊಳಿಸಿ, ಅದರ ನರಗಳ ಬಲೆಯ ಮೇಲೆ ಮಾನವ ಹೃದಯಕೋಶಗಳನ್ನು ಬೆಳೆಸಿ ಮಿಡಿಯುವಂತೆ ಮಾಡಿದರು. ಅದಿನ್ನೂ ಪ್ರಯೋಗಶಾಲೆಯ ಮಾತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಿಂದ ಚರ್ಮನಿಧಿಯಿದೆ. ಮರಣಾನಂತರ ಸುಮಾರು ಆರು ಗಂಟೆಯೊಳಗೆ ಚರ್ಮವನ್ನು ದಾನವಾಗಿ ಪಡೆಯಬಹುದು. ನೇತ್ರದಾನಕ್ಕೆ ಮುಂದಾಗುವ ಜೈನ ಸಮಾಜವು ಚರ್ಮದಾನದ ಹೆಸರೆತ್ತಿದರೆ ಹಿಂದೆಗೆಯುವುದು ವಿಚಿತ್ರ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶನಿಧಿಯು 1988ರಲ್ಲಿ ಆರಂಭವಾಗಿ, ಮಗು ಹುಟ್ಟಿದ ಬಳಿಕ ಹೊರಬರುವ ಕಸದ ಒಳಪೊರೆಯನ್ನು ಶುದ್ಧೀಕರಿಸಿ, ಒಣಗಿಸಿ, ವಿಕಿರಣದಿಂದ ಕ್ರಿಮಿಮುಕ್ತಗೊಳಿಸಿ ಗಾಯಗಳಿಗೆ ಒದಗಿಸುತ್ತ ಬಂದಿದೆ. ಕತ್ತಿಯಿಲ್ಲ, ಘಾತವಿಲ್ಲ. ಒಂದು ಜನನದ ಉಳಿಕೆಯಷ್ಟೇ ಅದು. ಬೀದರ, ಭಾಲ್ಕಿ, ಔರಾದ್‌ಗಳ ಹೆರಿಗೆ ಕೋಣೆಗಳಲ್ಲಿ ಮಕ್ಕಳು ಹುಟ್ಟುತ್ತಲೇ ಇವೆ. ದಾನಕ್ಕೆ ಏರ್ಪಾಡಿಲ್ಲದ ಕಡೆಗಳಲ್ಲಿ ಆ ಪೊರೆಯು ಜೈವಿಕ ತ್ಯಾಜ್ಯದ ಹಳದಿ ಚೀಲವನ್ನು ಸೇರಿ ಸುಡುಗೂಡಿಗೆ ಹೋಗುತ್ತದೆ.